ನೀರಿನ ಜುಂಜಮ್ಮನ ಹಾಜರಿ

ಹರಿಯಬ್ಬೆ ದಾರಿಯ ಕಲ್ಲುಗಣಿಯಲ್ಲಿ ಜುಂಜಮ್ಮನ ಕೆಲಸ ಆಳುಗಳಿಗೆ ನೀರು ಕೊಡುವುದು, ಅಷ್ಟೇ. ಆದರೆ ಬಂಡೆ ಸಿಡಿಸಲು ಕುಳಿಗೆ ಮದ್ದು ತುಂಬುವುದು ಕಂಡರೆ ಸಾಕು, ಅವಳ ಎದೆ ಹೊಡೆದುಕೊಳ್ಳುತ್ತಿತ್ತು. ಕೊಡ ಇಳಿಸಿ, ದಿಬ್ಬ ಹತ್ತಿ, ನಲವತ್ತು ಆಳುಗಳ ಹೆಸರನ್ನೂ ಕೂಗುವಳು. ತಡವಾಗಿ ಓಗೊಟ್ಟವನನ್ನು ಅವನ ಅವ್ವನ ಹೆಸರು ಹಿಡಿದು ಬೈಯುವಳು. ಬಯಲಿಗೆ ಹೋಗುವವನೂ ಅವಳಿಗೆ ಹೇಳಿಯೇ ಹೋಗಬೇಕು. 'ಅಮಲ್ದಾರಮ್ಮ' ಎಂದು ಗಂಡಸರು ನಗುತ್ತಿದ್ದರು. ಒಂದು ಮಧ್ಯಾಹ್ನ ಆಳುಗಳಲ್ಲೊಬ್ಬ, ಚಿತ್ತಪ್ಪ, ಓಗೊಡಲಿಲ್ಲ. "ಮನಿಗೆ ಹೋಗಿರ್ತಾನೆ, ಬಿಡು ಅತ್ಲಾಗೆ," ಎನ್ನುತ್ತ ಮೇಸ್ತ್ರಿ ಮುರುಗಪ್ಪ ಕೊಳ್ಳಿ ಹಿಡಿದು ಬಂದ. ಜುಂಜಮ್ಮ ದಿಬ್ಬ ಇಳಿದು ಓಡಿಬಂದು ಮದ್ದಿನ ಬತ್ತಿಯ ಮುಂದೆ ಕುಳಿತುಬಿಟ್ಟಳು. "ಇಲ್ಲಿ ಮಾತು ಯಾರ್ದು?" ಎಂದು ಮೇಸ್ತ್ರಿ ಕೇಳಿದ. "ನಿಮ್ದೇ ಕಣ್ರಿ. ಅವನು ಸಿಗೋ ತನಕ ನಾನು ಏಳಾಕಿಲ್ಲ." ಹುಡುಕಿದರೆ, ಅದೇ ಬಂಡೆಯ ಹಿಂದಿನ ನೆರಳಿನಲ್ಲಿ ಚಿತ್ತಪ್ಪ ಚಳಿಜ್ವರದಿಂದ ಮೈಮರೆತು ಬಿದ್ದಿದ್ದ. ಜ್ವರ ಬಿಟ್ಟು ಚಿತ್ತಪ್ಪ ಕೆಲಸಕ್ಕೆ ಮರಳಿದ ದಿನ ಅವಳು ಕೂಗುವಾಗ ಯಾರೂ ನಗಲಿಲ್ಲ. ನಲವತ್ತೂ ಹೆಸರು ಮುಗಿದರೂ ಮುರುಗಪ್ಪ ಬತ್ತಿ ಹಚ್ಚದೆ ನಿಂತ. "ಇನ್ನೊಬ್ರು ಉಳಿದ್ರಲ್ಲ," ಎಂದ. ಅವಳು ಗಾಬರಿಯಿಂದ ಮತ್ತೆ ಒಂದೊಂದೇ ಮುಖ ನೋಡತೊಡಗಿದಳು. "ಜುಂಜಮ್ಮ," ಎಂದು ಮೇಸ್ತ್ರಿಯೇ ಕೂಗಿದ. ಓಗೊಡಲು ಅವಳಿಗೆ ತುಸು ಹೊತ್ತು ಬೇಕಾಯಿತು.