ಯಾವ ಹತ್ತರಲ್ಲಿ ಏಳು?

ಹಳೆಯ ಸ್ಕೂಟರು, ಬೈಕು ಕೊಂಡು ಮಾರುವುದು ನನ್ನ ಕಸುಬು. ಹುಬ್ಬಳ್ಳಿಯ ಕಮರಿಪೇಟೆಯ ಒಂದು ಓಣಿಯಲ್ಲಿ ಅಂಗಡಿ. ಶಾಲೆ ಅರ್ಧಕ್ಕೆ ಬಿಟ್ಟು, ಬೇರೆಯವರ ಗ್ಯಾರೇಜಿನಲ್ಲಿ ಪಾನಾ, ಸ್ಪ್ಯಾನರು ಹಿಡಿದು ಮೇಲೆ ಬಂದವನು ನಾನು. ಬ್ಯಾಂಕಿನ ಪರೀಕ್ಷೆಗೆ ಓದುವ ಹುಡುಗಿ ಇಂಥವನ ಹತ್ತಿರ ಏನು ಕಲಿತಾಳು ಎಂದು ನೀವು ಕೇಳಬಹುದು. ಓದಿ ನೋಡಿ, ನಿಮಗೂ ಉಪಯೋಗಕ್ಕೆ ಬಂದೀತು.

ಹುಡುಗಿ ಎಂದರೆ ನನ್ನ ಅಕ್ಕನ ಮಗಳು. ಧಾರವಾಡದಲ್ಲಿ ರೂಮು ಮಾಡಿಕೊಂಡು ಕೋಚಿಂಗಿಗೆ ಹೋಗುತ್ತಿದ್ದಳು. ಎರಡು ಸಲ ಬರೆದು ಎರಡೂ ಸಲ ಒಂದೇ ಕಡೆ ಬಿದ್ದಿದ್ದಳು. ಗಣಿತ ಅವಳಿಗೆ ನೀರು ಕುಡಿದಷ್ಟು ಸುಲಭ. ಆದರೆ ನಾಲ್ಕು ಸಾಲು ಅಂಕಿಅಂಶ ಕೊಟ್ಟು, 'ಇದರಿಂದ ಯಾವ ತೀರ್ಮಾನ ಖಚಿತವಾಗಿ ಹೊರಡುತ್ತದೆ?' ಎಂದು ಕೇಳುವ ಪ್ರಶ್ನೆಗಳು ಬಂದರೆ ಮುಗಿಯಿತು. ಇದು ಮೂರನೆಯ ಸಲ. ಇದು ತಪ್ಪಿದರೆ ವಯಸ್ಸು ಮೀರುತ್ತಿತ್ತು, ಮುಂದೆ ಅರ್ಜಿ ಹಾಕುವ ಹಾಗೇ ಇರಲಿಲ್ಲ.

ಒಂದು ರವಿವಾರ ಬೆಳಿಗ್ಗೆ ಅಂಗಡಿಗೆ ಬಂದವಳೇ, ಮಾರಾಟಕ್ಕೆ ನಿಲ್ಲಿಸಿದ್ದ ಸ್ಕೂಟರಿನ ಸೀಟಿನ ಮೇಲೆ ಪುಸ್ತಕ ಒಗೆದಳು.

"ಇದನ್ನ ಓದು ಮಾಮಾ. ತಲಿ ಕೆಟ್ಟೈತಿ ನಂದು."

ಓದಿದೆ. ಯಾವುದೋ ಒಂದು ಊರು. ಅಲ್ಲಿ ಆದ ಬೈಕ್ ಅಪಘಾತಗಳಲ್ಲಿ ಹತ್ತಕ್ಕೆ ಏಳು, ಸವಾರರ ಮನೆಯಿಂದ ಮೂರು ಕಿಲೋಮೀಟರಿನ ಒಳಗೇ ಆಗಿವೆ. ತೀರ್ಮಾನವೇನು? 'ದೂರ ಹೋಗುವುದಕ್ಕಿಂತ ಮನೆಯ ಹತ್ತಿರ ಗಾಡಿ ಓಡಿಸುವುದೇ ಹೆಚ್ಚು ಅಪಾಯ' ಎಂಬುದಕ್ಕೆ ಇವಳು ಗುರುತು ಹಾಕಿದ್ದಳು. ಅದು ತಪ್ಪು, ಹಾಗೆ ಹೇಳಲು ಬರುವುದಿಲ್ಲ ಎಂದು ಪುಸ್ತಕದ ಹಿಂದಿನ ಉತ್ತರ ಹೇಳುತ್ತಿತ್ತು.

ನನಗೆ ನಗು ತಡೆಯಲಾಗಲಿಲ್ಲ.

"ನಗ್ತಿ ಯಾಕ?"

"ಮಂದಿ ದಿನಾ ಗಾಡಿ ಓಡ್ಸೋದ ಎಲ್ಲೆ? ಮನಿ ಹತ್ರಾನ. ಹಾಲು, ಕಾಯಿಪಲ್ಲೆ, ಸಾಲಿ. ಅಲ್ಲೇ ಹೆಚ್ಚು ಓಡ್ಸಿದ್ರ ಅಲ್ಲೇ ಹೆಚ್ಚು ಬೀಳ್ತಾರ. ಇದರಾಗ ಏನೈತಿ ಅವ್ವಿ? ಇಪ್ಪತ್ತು ವರ್ಷದಿಂದ ನಾ ಇದನ್ನ ಹೇಳ್ಕೋತ ಹೊಟ್ಟಿ ಹೊರಿಯಾಕತ್ತೇನಿ."

ಖರೇ ಮಾತು. ಗಾಡಿ ಮಾರಲು ಯಾರಾದರೂ ಬಂದರೆ ನಾನು ಮೊದಲು ಅದರ ಸುತ್ತ ಒಂದು ಸುತ್ತು ಬರುತ್ತೇನೆ. ಆಮೇಲೆ ನಿಟ್ಟುಸಿರು ಬಿಟ್ಟು, "ನಮ್ಮ ಕಡೆ ರಿಪೇರಿಗೆ ಬರೋ ಹತ್ತರಾಗ ಏಳು ಇದ ಮಾಡೆಲ್ ಇರ್ತಾವ್ರಿ" ಎನ್ನುತ್ತೇನೆ. ಸುಳ್ಳಲ್ಲ. ಆದರೆ ರಸ್ತೆಯ ಮೇಲೆ ಓಡಾಡುವ ಹತ್ತರಲ್ಲಿಯೂ ಏಳು ಅದೇ ಮಾಡೆಲ್ ಎಂಬ ಮಾತನ್ನು ನುಂಗಿಕೊಳ್ಳುತ್ತೇನೆ. ಮಾರುವವರ ಮುಖ ಇಳಿಯುತ್ತದೆ, ಅದರ ಹಿಂದೆಯೇ ಬೆಲೆಯೂ ಇಳಿಯುತ್ತದೆ.

ಇಷ್ಟನ್ನೂ ಅವಳಿಗೆ ಬಿಡಿಸಿ ಹೇಳಿದೆ. ಬಾಯಿ ತೆರೆದು ಕೇಳಿದಳು. "ಪ್ರಶ್ನಿ ತಗಿಯೋರೂ ನಿನ್ನಂಥಾವ್ರ ಇರಬೇಕ ನೋಡ ಮಾಮಾ" ಎಂದಳು.

ಆ ಮಾತಿನಿಂದ ದಾರಿ ತೆರೆಯಿತು. ಮುಂದೆ ಪ್ರತಿ ರವಿವಾರ ಬರುತ್ತಿದ್ದಳು, ಪ್ರಶ್ನೆಯನ್ನು ನಾವು ನನ್ನಂಥ ವ್ಯಾಪಾರಿಯ ಹಾಗೆ ಎದುರಿಗೆ ನಿಲ್ಲಿಸಿಕೊಳ್ಳುತ್ತಿದ್ದೆವು. ಹತ್ತರಲ್ಲಿ ಏಳು ಅಂದನೇ? ಯಾವ ಹತ್ತು ಎಂದು ಕೇಳು. ದುಪ್ಪಟ್ಟಾಯಿತು ಅಂದನೇ? ಮೊದಲು ಎಷ್ಟಿತ್ತು ಎಂದು ಕೇಳು. ಹೋದ ತಿಂಗಳು ಒಬ್ಬರೇ ಹೆಣ್ಣುಮಕ್ಕಳು ನನ್ನಲ್ಲಿ ಗಾಡಿ ಕೊಂಡಿದ್ದರು, ಈ ತಿಂಗಳು ಇಬ್ಬರು. ಬೇಕಾದರೆ 'ಹೆಣ್ಣುಮಕ್ಕಳ ಗಿರಾಕಿ ದುಪ್ಪಟ್ಟು' ಎಂದು ಬೋರ್ಡು ಬರೆಸಬಹುದು ನಾನು. ಒಂದೊಂದು ಪ್ರಶ್ನೆಯ ಬಣ್ಣ ಬಯಲಾದಾಗಲೂ ಇಬ್ಬರಿಗೂ ಕುಣಿಯುವಷ್ಟು ಖುಷಿ. ಪಕ್ಕದ ಟೈರಿನ ಅಂಗಡಿಯವರು, "ಲಾಟರಿ ಏನರ ಹತ್ತೇತೇನ್ರಿ?" ಎಂದು ಇಣುಕಿ ನೋಡುತ್ತಿದ್ದರು.

ಗುರುವಾದವನು ಅಲ್ಲಿಗೇ ನಿಲ್ಲಬೇಕಿತ್ತು. ನಾನು ಉಬ್ಬಿದೆ. "ಆದ್ರ ಅವ್ವಿ, ಅನುಭವದಿಂದ ಬಂದ ಲೆಕ್ಕ ಬ್ಯಾರೆ" ಎಂದು ನನ್ನ ಅಚ್ಚುಮೆಚ್ಚಿನ ಸೂತ್ರ ಹೇಳಿದೆ: ಧಾರವಾಡದ ಗಾಡಿ ಕಣ್ಣು ಮುಚ್ಚಿ ಕೊಳ್ಳಬಹುದು. ನಮ್ಮ ವ್ಯಾಪಾರದಲ್ಲಿ 'ಧಾರವಾಡದ ಮಾಸ್ತರ ಗಾಡಿ ಐತ್ರಿ' ಎಂದರೆ ಗ್ಯಾರಂಟಿ ಕಾರ್ಡು ಇದ್ದ ಹಾಗೆ. ಮಾಸ್ತರರು, ಆಫೀಸಿನವರು ಮೆಲ್ಲಗೆ ಓಡಿಸುತ್ತಾರೆ, ಒರೆಸಿ ಇಡುತ್ತಾರೆ. ನಾನು ಮಾರಿದ ಧಾರವಾಡದ ಗಾಡಿಗಳಲ್ಲಿ ಒಂದೂ ದೂರಿನೊಂದಿಗೆ ತಿರುಗಿ ಬಂದಿರಲಿಲ್ಲ. ಹುಬ್ಬಳ್ಳಿಯವು ವಾರಕ್ಕೊಂದು ಬರುತ್ತಿದ್ದವು. ಈ ನಂಬಿಕೆಯ ಮೇಲೆ ಧಾರವಾಡದ ಗಾಡಿಗೆ ನಾನೇ ಹೆಚ್ಚು ಕೊಡುತ್ತಿದ್ದೆ.

ಅವಳು ಪೆನ್ನು ಕಚ್ಚಿಕೊಂಡು ಕುಳಿತಳು. "ಅವನ್ನ ಎಲ್ಲೆ ತಗೋತಿ?"

"ರಾಯಾಪುರದಾಗ. ಅವ್ರಿಗೂ ಅರ್ಧ ದಾರಿ, ನನಗೂ ಅರ್ಧ ದಾರಿ. ಚಹಾದ ಅಂಗಡಿ ಮುಂದ ವ್ಯವಹಾರ."

"ಮಾರೋದು?"

"ಅಲ್ಲೇ. ಧಾರವಾಡದವ್ರಿಗೆ ಧಾರವಾಡದ್ದ ಬೇಕ. ಒಬ್ರು ಕೀಲಿ ಕೊಡ್ತಾರ, ಇನ್ನೊಬ್ರು ಇಸ್ಕೊಂಡು ಹೋಗ್ತಾರ."

"ಅಂದ್ರ ಆ ಗಾಡಿ ತಗೊಂಡವ್ರು ನಿನ್ನ ಅಂಗಡಿನ ನೋಡಿಲ್ಲ."

"ಇಲ್ಲ."

"ಮತ್ತ ಕೆಟ್ರ ಎಲ್ಲಿಗೆ ಬರಬೇಕ ಮಾಮಾ? ಚಹಾದ ಅಂಗಡಿಗೆ?"

ಪಾನಾ ಕೆಳಗಿಟ್ಟು ಯೋಚಿಸಿದೆ. ಹುಬ್ಬಳ್ಳಿಯ ಗಿರಾಕಿಗೆ ನನ್ನ ಅಂಗಡಿ ಎರಡು ಓಣಿ ಆಚೆ, ಹಾರ್ನ್ ಕೆಟ್ಟರೂ ಬಂದು ಜಗಳ ತೆಗೆಯುತ್ತಾನೆ. ಧಾರವಾಡದವರು ಇಷ್ಟು ದೂರ ಗಾಡಿ ತಳ್ಳಿಕೊಂಡು ಬರುತ್ತಾರೆಯೇ? ನಾನು ಎಣಿಸಿದ್ದು ಕೆಟ್ಟ ಗಾಡಿಗಳನ್ನಲ್ಲ, ನನ್ನ ಬಾಗಿಲಿಗೆ ಬಂದವರನ್ನು.

ಆ ಕ್ಷಣವೇ ಫೋನು ತೆಗೆದು, ಧಾರವಾಡದ ಹಳೆಯ ಗಿರಾಕಿಯೊಬ್ಬರಿಗೆ ಹಚ್ಚಿದೆ. ಕಾಲೇಜಿನಲ್ಲಿ ಕಲಿಸುವ ಮೃದು ಮಾತಿನ ಮನುಷ್ಯ.

"ಸರ್, ಗಾಡಿ ಹೆಂಗ ಐತ್ರಿ?"

"ಛಲೋ ಅದರೀ ಈಗ. ಮೊದಲನೇ ವಾರದಾಗ ಕ್ಲಚ್ ಹೋತು. ಇಲ್ಲೇ ಮಾಡಿಸಿಕೊಂಡ್ವಿ. ನಿಮಗ ಯಾಕ ಸುಮ್ನ ತ್ರಾಸ ಕೊಡೋದು ಅಂತ."

ಇನ್ನೂ ನಾಲ್ಕು ಜನರಿಗೆ ಹಚ್ಚಿದೆ. ಅವರಲ್ಲಿ ಇಬ್ಬರ ಕಥೆ ಇದೇ. ಐದು ಫೋನಿನಲ್ಲಿ ಮೂರು ಕೆಟ್ಟವು, ಹಾಗಾದರೆ ಧಾರವಾಡದ ಗಾಡಿಯೇ ಕಳಪೆ ಎನ್ನಲು ಬಾಯಿ ತೆರೆದೆ. "ಯಾವ ಐದು ಮಾಮಾ?" ಎಂದಳು. ಬಾಯಿ ಮುಚ್ಚಿದೆ. ಇಪ್ಪತ್ತು ವರ್ಷದ ಸೂತ್ರ ಮುರಿದು ಬಿದ್ದಿತ್ತು, ಆದರೂ ನನಗೆ ಸಂಭ್ರಮವೋ ಸಂಭ್ರಮ. ಮಂದಿಗೆ ಹಾಕುವ ಗಾಳವನ್ನು ನಾನೇ ನುಂಗಿದ್ದೆ, ಅದನ್ನು ಬಿಡಿಸಿದವಳು ಎರಡು ಸಲ ಇದರಲ್ಲೇ ಬಿದ್ದ ಹುಡುಗಿ. ಇವಳು ಈ ಸಲ ಬೀಳುವುದಿಲ್ಲ ಎಂದು ಅನ್ನಿಸಿದ್ದು ಅವತ್ತೇ. ಅನ್ನಿಸಿದ್ದನ್ನು ಹೇಳಲಿಲ್ಲ. ಯಾವ ಆಧಾರದ ಮೇಲೆ ಎಂದು ಕೇಳಿಬಿಟ್ಟಾಳೆಂಬ ಹೆದರಿಕೆ.

ಪರೀಕ್ಷೆ ಬರೆದ ದಿನ ಅವಳು ಸೀದಾ ಅಂಗಡಿಗೆ ಬಂದಳು. "ನನಗ ಗೊತ್ತಿದ್ದದ್ದನ್ನ ಎಲ್ಲಾ ಹೊರಗ ಇಟ್ಟು, ಅವ್ರು ಕೊಟ್ಟಿದ್ದಷ್ಟ ನೋಡೇನಿ" ಎಂದಳು, ಅಷ್ಟೇ.

ಫಲಿತಾಂಶ ಬಂದಾಗ ನಾನು ಒಬ್ಬ ಹಿರಿಯರ ಸ್ಕೂಟರಿನ ಸುತ್ತ ಸುತ್ತು ಬರುತ್ತಿದ್ದೆ. ನಿಟ್ಟುಸಿರು ಬಿಟ್ಟು, "ನಮ್ಮ ಕಡೆ ರಿಪೇರಿಗೆ ಬರೋ ಹತ್ತರಾಗ" ಎನ್ನುವಷ್ಟರಲ್ಲಿ ಫೋನು ಬಡಿದುಕೊಂಡಿತು.

"ಮಾಮಾ, ದಾಟೇನಿ. ಆ ತೀರ್ಮಾನದ ಪ್ರಶ್ನಿಯಾಗ ಎಲ್ಲಾದಕ್ಕಿಂತ ಹೆಚ್ಚು ಮಾರ್ಕ್ಸ್ ಬಂದಾವ."

ಫೋನು ಕಿಸೆಗೆ ಇಟ್ಟಾಗ ಹಿರಿಯರು ಕಾಯುತ್ತ ನಿಂತಿದ್ದರು.

"ಹತ್ತರಾಗ ಎಷ್ಟ್ರಿ?" ಎಂದು ಅಳುಕುತ್ತ ಕೇಳಿದರು.

"ಏನಿಲ್ರಿ ಕಾಕಾ. ಗಾಡಿ ಛಲೋ ಐತಿ. ನೀವು ಕೇಳಿದಷ್ಟ ಕೊಡ್ತೇನಿ."

ಚೌಕಾಸಿ ಇಲ್ಲದೆ ಗಾಡಿ ಕೊಳ್ಳಲು ಒಪ್ಪಿದ್ದು ನನ್ನ ಜನ್ಮದಲ್ಲಿ ಅದೊಂದೇ ಸಲ. ಹಿರಿಯರು ಕೀಲಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು, ಒಮ್ಮೆ ನನ್ನನ್ನು, ಒಮ್ಮೆ ಸ್ಕೂಟರನ್ನು ಅನುಮಾನದಿಂದ ನೋಡಿದರು. "ತಡೀರಿ," ಎಂದರು, "ಮನ್ಯಾಗ ಒಂದ್ ಮಾತ ಕೇಳಿ ಬರ್ತೇನಿ."