ಸೇವಾಕರ್ತರ ಹೆಸರು ನಾಮಧೇಯಸ್ಯ

ನಮ್ಮತ್ತೆಯ ತವರು ಗುಬ್ಬಿ. ತೀರಿಹೋದ ತಮ್ಮ ತಾಯಿಯ ಹೆಸರನ್ನು ಆ ಊರಿನ ಶಿವನ ಗುಡಿಯಲ್ಲಿ ಒಮ್ಮೆ ಹೇಳಿಸಬೇಕು, ಅದನ್ನು ಕಿವಿಯಾರೆ ಕೇಳಬೇಕು ಅನ್ನೋದೊಂದೇ ಅವರ ಆಸೆ. ಶ್ರಾವಣದ ಸೋಮವಾರಕ್ಕೆ ಆ ಹೆಸರಲ್ಲಿ ಅಭಿಷೇಕ ಬರೆಸಿ ತುಮಕೂರಿಂದ ಬಸ್ಸಲ್ಲಿ ಕರೆದುಕೊಂಡು ಹೋದೆ. ಅವರಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು, ಅದೂ ಶಿವನ ಕೃಪೆಯೇ.

ಆ ಗುಡಿಯಲ್ಲಿ ಈಗ ಚೀಟಿ ಓದುವುದಿಲ್ಲ. ಗರ್ಭಗುಡಿಯ ಪಕ್ಕ ಟೀವಿ ನೇತುಹಾಕಿದ್ದಾರೆ. ಯಾರ ಸೇವೆಯ ಸರದಿಯೋ ಅವರ ಹೆಸರು ಗುಡಿಯ ವೆಬ್‌ಸೈಟಿನಿಂದ ಅದರಲ್ಲಿ ಬರಬೇಕು, ಅರ್ಚಕರು ನೋಡಿ ಸಂಕಲ್ಪ ಹೇಳಬೇಕು. ಆ ವೆಬ್‌ಸೈಟ್ ಮಾಡಿಕೊಟ್ಟವಳು ಕುಣಿಗಲ್‌ನಲ್ಲಿರುವ ನನ್ನ ನಾದಿನಿಯೇ.

ಅವತ್ತು ಅರ್ಚಕರು ಕತ್ತೆತ್ತಿ ಟೀವಿ ನೋಡಿ, "ಸೇವಾಕರ್ತರ ಹೆಸರು ನಾಮಧೇಯಸ್ಯ" ಅಂದುಬಿಟ್ಟರು. ಟೀವಿಯಲ್ಲೂ ಚೌಕದ ಕಂಸದೊಳಗೆ "ಸೇವಾಕರ್ತರ ಹೆಸರು" ಅಂತಲೇ ಇತ್ತು. ಮುಂದಿನವರ ಪೂಜೆಗೂ ಅದೇ, ಅದರ ಮುಂದಿನವರಿಗೂ ಅದೇ. ಜನ ಕೈಮುಗಿದು ನಿಂತಿದ್ದರು.

ಅತ್ತೆ ಮೆಲ್ಲಗೆ, "ಯಾರೇ ಅದು ಸೇವಾಕರ್ತ? ಎಲ್ಲಾ ಪೂಜೆನೂ ಅವನೇ ಬರೆಸವ್ನಲ್ಲ. ನಮ್ಮಮ್ಮನ ಸರದಿ ಯಾವಾಗ ಬತ್ತದೆ?" ಅಂದರು.

ಸರದಿ ಮುಗಿದುಹೋಗಿತ್ತು. ಇನ್ನೊಂದು ಸಲ ಹೇಳಿ ಅಂತ ಬೇಡಿಕೊಂಡರೆ, ಟೀವಿಯಲ್ಲಿ ಬಂದದ್ದು ಬಿಟ್ಟು ಬೇರೆ ಹೇಳಬಾರದು ಅಂತ ಸಮಿತಿಯ ಆರ್ಡರ್ ಅಂದರು ಅರ್ಚಕರು.

ನಾದಿನಿಗೆ ಫೋನ್ ಮಾಡಿದೆ. ಹೆಸರು ಬರಬೇಕಾದ ಜಾಗದಲ್ಲಿ, ಕಂಸದೊಳಗೆ, ಇಂಗ್ಲಿಷಲ್ಲಿ ಒಂದು ಪುಟ್ಟ ಪದ ಹಾಕಿದ್ದಳಂತೆ. ಶಾರ್ಟ್‌ಕೋಡ್ ಅಂತಾರೆ.

"ಅದು ಓದೋಕಲ್ಲ ಅತ್ತಿಗೆ, ಕರೆಯೋಕೆ. ಹಂಗೆ ಕರೆದ್ರೆ ಡೇಟಾಬೇಸಿಂದ ಸರಿಯಾದ ಹೆಸರು ಬಂದು ಅಲ್ಲಿ ಕೂತ್ಕೊಳ್ಳತ್ತೆ. ಯಾರೋ ಅದನ್ನೂ ಕನ್ನಡ ಮಾಡವ್ರೆ," ಅಂದಳು.

ಯಾರೋ ಏನು, ಸಮಿತಿಯ ಕಾರ್ಯದರ್ಶಿಯೇ. ಪುಟದಲ್ಲಿ ಒಂದೂ ಇಂಗ್ಲಿಷ್ ಅಕ್ಷರ ಉಳಿಯದ ಹಾಗೆ ಕೂತು ತಿದ್ದಿದೆ ಅಂತ ಎದೆ ಉಬ್ಬಿಸಿ ಹೇಳಿದರು. ಕನ್ನಡದ ಮೇಲೆ ನನಗೇನು ದ್ವೇಷ? ಆದದ್ದು ತಿಳಿದ ಮೇಲೂ ಆ ಮನುಷ್ಯ ಎಲೆಯಡಿಕೆ ಜಗಿಯುತ್ತಾ ನಕ್ಕಿದ್ದು ನೋಡಿ ಹೇಸಿಗೆಯಾಯಿತು.

"ಹೆಸರು ದೇವರಿಗೆ ಗೊತ್ತಿಲ್ವೇನಮ್ಮ?" ಅಂದರು.

"ದೇವರಿಗೆ ಗೊತ್ತು ಸ್ವಾಮಿ. ನಮ್ಮತ್ತೆಗೆ ಕೇಳಿಸಬೇಕಿತ್ತು," ಅಂದೆ.

ಕಂಬದ ಮೂಲೆಗೆ ಉಗಿದರು. ದೇವಸ್ಥಾನದ ಕಂಬ!

ನಾದಿನಿ ಕುಣಿಗಲ್‌ನಿಂದಲೇ ಸರಿಮಾಡಿ, ತನ್ನಜ್ಜಿಯ ಹೆಸರನ್ನು ಟೀವಿಗೆ ತಂದಳು. ಅಷ್ಟರಲ್ಲಿ ಅರ್ಚಕರು ಗರ್ಭಗುಡಿಯ ಬಾಗಿಲು ಹಾಕಿಕೊಂಡು ಮನೆಗೆ ಹೋಗಿದ್ದರು. ಅತ್ತೆಗೆ ಕಣ್ಣು ಮಂಜು, ಓದಲಾಗದು. ಮುಚ್ಚಿದ ಬಾಗಿಲ ಮುಂದೆ ನಿಂತು ನಾನೇ ಗಟ್ಟಿಯಾಗಿ ಹೇಳಿದೆ. ನನಗೆ ಸಂಸ್ಕೃತ ಬರೋದಿಲ್ಲ. ಬರೀ ಹೆಸರು.

ಅತ್ತೆ ಕೆನ್ನೆ ಬಡಿದುಕೊಂಡು, "ಇನ್ನೊಂದ್ಸಲ ಹೇಳೇ," ಅಂದರು.

ಅಷ್ಟು ಹೊತ್ತಿಗೆ ಕಾರ್ಯದರ್ಶಿ ಟೀವಿ ಸರಿಹೋಯಿತೆಂದು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಹೆಸರಿಗೆ ಅವರ ತಲೆ ಅಡ್ಡ. ಪುಣ್ಯಕ್ಕೆ ನನಗದು ಬಾಯಿಪಾಠ. ಇನ್ನೊಂದು ಸಲ ಹೇಳಿದೆ.