ರತ್ನಾಬಾಯಿಯ ಶಾವಿಗೆ ಪಡಸಾಲೆ

ನಮ್ಮ ಸೋದರತ್ತೆ ರತ್ನಾಬಾಯಿಗೆ ನಗು ಬಂದರೆ ತಡೆದುಕೊಳ್ಳಲು ಆಗುತ್ತಿರಲಿಲ್ಲ. ಸತ್ತವರ ಮನೆಗೆ ಮಾತನಾಡಿಸಲು ಹೋದಾಗಲೂ ಸೆರಗು ಬಾಯಿಗಿಟ್ಟುಕೊಂಡು ಹಿತ್ತಲಿಗೆ ಓಡಿದವಳು ಅವಳು. ಈಗ ಕೆಲವರು ಅವಳನ್ನು ವೀರನಾರಿ ಎಂದು ಹೊಗಳುತ್ತಾರೆ, ನನಗೆ ಮೈಯೆಲ್ಲ ಉರಿಯುತ್ತದೆ. ವೀರರಿಗೆ ಅಷ್ಟು ನಗು ಎಲ್ಲಿಂದ ಬರಬೇಕು?

ಅವಳಪ್ಪ ಮಡಿವಾಳಯ್ಯ ಗುಂಡಗುರ್ತಿಯಲ್ಲಿ ಮಕ್ಕಳಿಗೆ ಅಕ್ಷರ ಹೇಳಿಕೊಡುತ್ತಿದ್ದ ಐಗಳು. ಮಗಳಿಗೂ ಹೇಳಿಕೊಟ್ಟ. ಆಮೇಲೆ ಅವಳನ್ನು ಸೇಡಂನ ನಾಗೇಂದ್ರಪ್ಪನಿಗೆ ಕೊಟ್ಟ. ನಾಗೇಂದ್ರಪ್ಪ ತಹಶೀಲ್ ಕಚೇರಿಯಲ್ಲಿ ಉರ್ದು ಬರೆಯುವ ಗುಮಾಸ್ತ, ತನ್ನ ನೆರಳಿಗೂ ಸಲಾಮು ಹೊಡೆಯುವಂಥ ಮನುಷ್ಯ.

ಅದು ನಿಜಾಮರ ಕಾಲ, ಮೂವತ್ತರ ದಶಕದ ಕೊನೆ. ನಾಲ್ಕು ಜನ ಸಭೆ ಸೇರಬೇಕಾದರೆ ಇಜಾಜತ್, ಅಂದರೆ ಸರ್ಕಾರದ ಅಪ್ಪಣೆ, ಬೇಕು, ಮನೆಯಲ್ಲಿ ಶಾಲೆ ತೆರೆಯಬೇಕಾದರೆ ಇಜಾಜತ್ ಬೇಕು. ಅರ್ಜಿ ಹಾಕಿದರೆ ಉತ್ತರ ಬರುವಷ್ಟರಲ್ಲಿ ತೊಟ್ಟಿಲ ಕೂಸಿಗೆ ಮೀಸೆ ಬಂದಿರುತ್ತಿತ್ತು. ಉರ್ದುವಿನ ಮೇಲೆ ನಮ್ಮತ್ತೆಗೆ ಸಿಟ್ಟಿರಲಿಲ್ಲ. ತನ್ನ ಮಾತನ್ನು ತನ್ನ ಮನೆಯಲ್ಲಿ ಬರೆಯಲಿಕ್ಕೂ ಇನ್ನೊಬ್ಬರ ಮೊಹರು ಬೇಕಲ್ಲ, ಅದಕ್ಕೆ ಸಿಟ್ಟು.

ಪಕ್ಕದ ಮನೆಯ ಭಾಗಮ್ಮನಿಂದ ಇದೆಲ್ಲ ಶುರುವಾಯಿತು. ಐವತ್ತೈದರ ವಿಧವೆ. ಮೈದುನ ತೋರಿಸಿದ ಕಾಗದಕ್ಕೆಲ್ಲ ನಂಬಿ ಹೆಬ್ಬೆಟ್ಟು ಒತ್ತುತ್ತ ಹೋದಳು. ಒಂದು ದಿನ ಅರ್ಧ ಹೊಲ ಅವನ ಹೆಸರಿಗಾಗಿದ್ದು ತಿಳಿಯಿತು. ಅತ್ತು ಅತ್ತು ಸಾಕಾಗಿ ನಮ್ಮತ್ತೆಯ ಬಾಗಿಲಿಗೆ ಬಂದು, "ನನಗ ನನ್ನ ಹೆಸರು ಬರಿಯಾಕ ಕಲಸವ್ವ" ಎಂದಳು. ಅವಳ ಹಿಂದೆ ಒಬ್ಬೊಬ್ಬರೇ ಬಂದು ಹತ್ತು ಜನರಾದರು. ಅವರಲ್ಲಿ ಸೈದಾನಬಿ ಎಂಬಾಕೆ ಪೊಲೀಸ್ ಜವಾನ ಬಾಬುಮಿಯಾನ ಹೆಂಡತಿ.

ಹತ್ತು ಹೆಂಗಸರು ದಿನವೂ ಒಂದೇ ಮನೆಗೆ ಹೋದರೆ ಊರು ಸುಮ್ಮನಿರುತ್ತದೆಯೇ? ಬೇಸಿಗೆಯಾದ್ದರಿಂದ ಅತ್ತೆ ಪಡಸಾಲೆಯಲ್ಲಿ ಶಾವಿಗೆ ಮಣೆ ಹಾಕಿದಳು. ಶಾವಿಗೆ ಹೊಸೆಯಲು ಕೂಡಿದ ಹೆಂಗಸರಿಗೆ ಯಾವ ಸರ್ಕಾರದ ಇಜಾಜತ್ತೂ ಬೇಡ. ಹಸಿ ಎಳೆಯನ್ನು ಹಾಸಿದ ಧೋತರದ ಮೇಲೆ ಬಾಗಿಸಿ ಅಕ್ಷರ ಮಾಡುವುದು, ತಪ್ಪಿದರೆ ಮುದ್ದೆ ಮಾಡಿ ಮತ್ತೆ ಹೊಸೆಯುವುದು. ಕೈ ಕುದುರಿದ ಮೇಲೆ ನೆಲದ ಶಹಾಬಾದ್ ಫರಸಿಯ ಮೇಲೆ ಇದ್ದಿಲಿನಿಂದ ಹೆಸರು ಬರೆಯುವುದು. ಹೊಸ್ತಿಲಲ್ಲಿ ಚಪ್ಪಲಿಯ ಸದ್ದಾದರೆ ಒದ್ದೆ ಬಟ್ಟೆಯಿಂದ ಒರೆಸಿಬಿಡುವುದು.

ಊರಿನ ಠಾಣೆಯ ಅಧಿಕಾರಿ, ಪೊಲೀಸ್ ಅಮೀನನಿಗೆ ಯಾರೋ ಚಾಡಿ ಹೇಳಿದರು. ಅವನು ಬಾಬುಮಿಯಾನನ್ನು ಪಹರೆಗೆ ಹಾಕಿ, ದಿನವೂ ವರದಿ ಬರಲಿ ಎಂದ. ಹೆಂಗಸರು ಕೂತಲ್ಲಿಗೆ ಗಂಡಸು ಕಾಲಿಡುವ ಹಾಗಿಲ್ಲ. ಬಾಬುಮಿಯಾ ಬಾಗಿಲಿಗೆ ಬೆನ್ನು ಮಾಡಿ ಕಟ್ಟೆಯ ಮೇಲೆ ಕೂತು, ಬೀದಿಯ ನಾಯಿಗಳನ್ನು ನೋಡುತ್ತ ಪಹರೆ ಮಾಡುತ್ತಿದ್ದ.

ಮೊದಲ ವಾರವೇ ಒಳಗಿಂದ ರಾಗವಾಗಿ "ಅ… ಆ… ಇ… ಈ…" ಎಂದು ಕೇಳಿಸಿತು.

"ಯಾರಿಗಿ ಏನಾಗ್ಯದ್ರಿ ಬಾಯಾರ?" ಎಂದು ಅವನು ಗಾಬರಿಯಿಂದ ಕೂಗಿದ.

"ಭಾಗಮ್ಮಗ ಹೊಟ್ಟಿಬ್ಯಾನಿ!" ಎಂದಳು ನಮ್ಮತ್ತೆ.

ಬಾಬುಮಿಯಾ ಕರುಳಿನ ಮನುಷ್ಯ. ಮರುದಿನವೇ ಹಕೀಮರ ಪುಡಿ ತಂದ. "ನುಂಗಿದ್ರೇನು?" ಎಂದು ಹೊರಗಿಂದ ಕೇಳಿ ಖಾತ್ರಿ ಮಾಡಿಕೊಳ್ಳುವವರೆಗೆ ಬಿಡುತ್ತಿರಲಿಲ್ಲ. ಸ್ವರಗಳು ಮುಗಿಯುವಷ್ಟರಲ್ಲಿ ಭಾಗಮ್ಮ ಒಂಬತ್ತು ಪೊಟ್ಟಣ ಕಹಿ ಪುಡಿ ತಿಂದಿದ್ದಳು. ವ್ಯಂಜನ ಶುರುವಾಗುವ ದಿನ ಕೈಮುಗಿದು, "ಇನ್ನ ಪಿಸುಪಿಸು ಓದ್ರಿ, ನಿಮ್ಮ ಕಾಲ ಬೀಳ್ತೀನಿ" ಎಂದಳಂತೆ.

ಇನ್ನೂ ಮಜವೆಂದರೆ ಬಾಬುಮಿಯಾನಿಗೆ ಬರೆಯಲು ಬಾರದು. ದಿನವೂ ಸಂಜೆ ಕಚೇರಿಗೆ ಹೋಗಿ ನಾಗೇಂದ್ರಪ್ಪನ ಎದುರು ಕೂತು ವರದಿ ಹೇಳುತ್ತಿದ್ದ. "ಬರೀರಿ ಗುಮಾಸ್ತರ. ಗುಮಾಸ್ತ ನಾಗೇಂದ್ರಪ್ಪನ ಮನ್ಯಾಗ ಇವತ್ತೂ ಶಾವಗಿ." ನಾಗೇಂದ್ರಪ್ಪ ತನ್ನ ಮನೆಯ ಮೇಲಿನ ಬೇಹಿನ ವರದಿಯನ್ನು ತಾನೇ, ಚಂದದ ಉರ್ದುವಿನಲ್ಲಿ ಬರೆಯುತ್ತಿದ್ದ. ಹೆಂಡತಿಯ ಶಾಲೆ ಅವನಿಗೆ ಗೊತ್ತಿತ್ತು. ಬೇಡ ಎನ್ನಲು ಧೈರ್ಯ ಸಾಲದು, ಹೂಂ ಎನ್ನಲೂ ಧೈರ್ಯ ಸಾಲದು.

ಹೆದರಿದವನ ಕೈ ನಿನ್ನೆಯದನ್ನೇ ಇವತ್ತೂ ಬರೆಯುತ್ತದೆ. ಚೈತ್ರ, ವೈಶಾಖ ಕಳೆದವು. ಮಳೆ ಹಿಡಿಯಿತು. ಶ್ರಾವಣದ ಜಡಿಮಳೆಯಲ್ಲೂ ವರದಿಯಲ್ಲಿ ಶಾವಿಗೆ ಒಣಗುತ್ತಲೇ ಇತ್ತು! ಹಪ್ಪಳ ಶಾವಿಗೆಯ ಋತು ಗೊತ್ತಿಲ್ಲದ ಗಂಡಸು ಯಾರಿದ್ದಾನೆ? ಅಮೀನ ಒಂದು ಬೆಳಿಗ್ಗೆ ಎಲ್ಲ ವರದಿಗಳನ್ನೂ ಒಟ್ಟಿಗೆ ಓದಿಸಿದ. ಮಧ್ಯಾಹ್ನಕ್ಕೆ ನಾಗೇಂದ್ರಪ್ಪನನ್ನೂ ಬಾಬುಮಿಯಾನನ್ನೂ ಮುಂದಿಟ್ಟುಕೊಂಡು ಮನೆಗೇ ಬಂದುಬಿಟ್ಟ.

"ಇಷ್ಟು ಶಾವಗಿ ಫೌಜಿಗಿ ಹಾಕ್ತೀರೇನು?" ಎಂದು ಕುರ್ಚಿ ತರಿಸಿ ಕೂತ. ಹೆಂಗಸರು ಬಾಗಿಲ ಪರದೆಯ ಹಿಂದೆ ಸರಿದು ನಿಂತರು.

ಆದರೆ ಅಮೀನನಿಗೂ ತಲೆನೋವು ಬೇಕಿರಲಿಲ್ಲ. ಒಂದು ಮುಚಲ್ಕಾ ಬರೆಸಿದ, ತಪ್ಪಿ ನಡೆಯುವುದಿಲ್ಲ ಎಂದು ಒಪ್ಪಿಕೊಡುವ ಕಾಗದ. ಈ ಮನೆಯಲ್ಲಿ ಶಾಲೆ ನಡೆದಿಲ್ಲ, ಇಲ್ಲಿ ಕೂಡುವ ಯಾರಿಗೂ ಓದು ಬರಹ ಬಾರದು, ಇದು ಸುಳ್ಳಾದರೆ ಪಡಸಾಲೆಗೆ ಬೀಗ, ಗುಮಾಸ್ತನ ಮೇಲೆ ಕ್ರಮ. ಹನ್ನೊಂದು ಜನ ಹೆಬ್ಬೆಟ್ಟು ಒತ್ತಿದರೆ ಸಾಕು, ವಿಷಯ ಮುಗಿಯಿತು. ಮಸಿಯ ಗಾದಿ, ದೌತಿ, ಲೇಖನಿ ಎಲ್ಲವನ್ನೂ ತಾಟಿನಲ್ಲಿಟ್ಟು ಪರದೆಯ ಕೆಳಗೆ ಒಳಗೆ ಸರಿಸಿದರು. ಗುರುತಿಗೆ ಹೆಬ್ಬೆಟ್ಟಿನ ಪಕ್ಕ ಹೆಸರು ಬರೆಯುವುದು ಆಮೇಲೆ ಗುಮಾಸ್ತನ ಕೆಲಸ.

ನಮ್ಮತ್ತೆಗೆ ಹೋದ ಜೀವ ಬಂದಂತಾಯಿತು. "ಲಗು ಲಗು ಒತ್ರಿ. ನಾಕ್ ದಿನ ಬಿಟ್ಟು ಮತ್ತ ಕೂಡೋಣು," ಎಂದು ಪಿಸುಗುಟ್ಟಿದಳು.

ಭಾಗಮ್ಮ ಮಸಿಯ ಗಾದಿಯನ್ನು ಕಾಲಿನಿಂದ ಆಚೆ ತಳ್ಳಿದಳು. "ನಾ ಒತ್ತಲ್ಲ. ಒತ್ತಿ ಒತ್ತಿ ಅರ್ಧ ಹೊಲ ಕಳಕೊಂಡೀನಿ. ಈಗ ಬರಿಯಾಕ ಬರ್ತದ, ಬರೀತೀನಿ."

"ಬರದ್ರ ಸಾಲಿ ಹೋಯ್ತದ ಭಾಗಮ್ಮ!"

"ಹೋಗಲಿ ತಗಿ. ಒಂಬತ್ತು ಪೊಟ್ಟಣ ಪುಡಿ ಸುಮ್ಮ ತಿಂದಿನೇನು?"

ಅವಳು ಲೇಖನಿ ಎತ್ತಿಕೊಂಡಳು. ಹುಟ್ಟಿದ ಮೇಲೆ ಮೊದಲ ಸಲ ಹಿಡಿದದ್ದು. ನಾಲಿಗೆ ಕಚ್ಚಿಕೊಂಡು ಮೂರು ಅಕ್ಷರ ಬರೆಯುವಷ್ಟರಲ್ಲಿ ಹಣೆಯ ಮೇಲೆ ಬೆವರು. ಆಮೇಲೆ ಕೇಳಬೇಕೆ? ಸೈದಾನಬಿ ಲೇಖನಿ ಕಸಿದುಕೊಂಡಳು, ಅವಳ ಕೈಯಿಂದ ಇನ್ನೊಬ್ಬಳು. ಒಬ್ಬೊಬ್ಬಳೂ ಬರೆದು, ಹಸಿ ಮಸಿಯನ್ನು ಊದಿ, ತನ್ನ ಹೆಸರನ್ನು ತಾನೇ ನೋಡಿ ಕಿಸಕ್ಕೆಂದು ನಗುವುದು. ಕಾಗದ ಕಸಿದು ಹರಿಯಬಹುದಿತ್ತು ಎಂದು ಅತ್ತೆಯೇ ಹೇಳುತ್ತಿದ್ದಳು. ಗಂಡನ ನೌಕರಿ, ಪಡಸಾಲೆ ಎಲ್ಲ ಕಣ್ಮುಂದೆ ಬಂತಂತೆ. ಭಯವಾಯಿತಂತೆ. ಅದಕ್ಕಿಂತ ಹೆಚ್ಚು ಖುಷಿಯಾಯಿತಂತೆ. ತಮಗೆ ಓದು ಬಾರದೆಂಬ ಕಾಗದದ ಕೆಳಗೆ ಹತ್ತು ಜನ ಅಂದವಾಗಿ ರುಜು ಹಾಕಿದ್ದನ್ನು ನೋಡಿ ಅವಳಿಗೆ ನಗು ಉಕ್ಕಿತು. ನಗುತ್ತಲೇ ಹನ್ನೊಂದನೆಯ ಹೆಸರು ಬರೆದಳು.

ಮುಂದಿನ ವಾರ ಪಡಸಾಲೆಗೆ ಬೀಗ ಬಿತ್ತು. ನಾಗೇಂದ್ರಪ್ಪನನ್ನು ಚಿಂಚೋಳಿಗೆ ಎತ್ತಿಹಾಕಿದರು. ಇದನ್ನೆಲ್ಲ ನಾನು ಬೇರೆಯವರಿಂದ ಕೇಳಿದ್ದು. ಅತ್ತೆ ಕತೆಯನ್ನು ಅಲ್ಲಿಯವರೆಗೆ ಒಯ್ಯುತ್ತಲೇ ಇರಲಿಲ್ಲ. ಕಾಗದ ಪರದೆಯಿಂದ ಹೊರಗೆ ಬಂದ ಗಳಿಗೆಗೆ ನಿಲ್ಲಿಸುತ್ತಿದ್ದಳು.

ಅಮೀನನಿಗೆ ಕನ್ನಡ ಓದಲು ಬಾರದು. ಕಾಗದವನ್ನು ಅತ್ತಿತ್ತ ತಿರುಗಿಸಿ, "ಯೇ ಕ್ಯಾ ಹೈ?" ಎಂದು ನಾಗೇಂದ್ರಪ್ಪನ ಕೈಗೆ ಕೊಟ್ಟ. ತಿಳಿಯದ ಹೆಂಗಸರು ಸುಮ್ಮನೆ ಗೆರೆ ಎಳೆದಿದ್ದಾರೆ ಹುಜೂರ್, ಎಂದುಬಿಟ್ಟಿದ್ದರೆ ಎಲ್ಲ ಉಳಿಯುತ್ತಿತ್ತು. ನಾಗೇಂದ್ರಪ್ಪ ಕಾಗದ ನೋಡಿದ. "ಇವು ಹೆಸರ್ರಿ," ಎಂದು ಓದತೊಡಗಿದ. ಭಾಗಮ್ಮ. ಸೈದಾನಬಿ. ಆ ಹೆಸರು ಕೇಳಿ ಬಾಬುಮಿಯಾ ಕಟ್ಟೆಯಿಂದ ಎದ್ದು ನಿಂತ. ಹತ್ತು ಹೆಸರು ಮುಗಿದವು. ಉಳಿದದ್ದು ಹನ್ನೊಂದನೆಯದು. ಮದುವೆಯಾಗಿ ಹದಿನಾಲ್ಕು ವರ್ಷ, ಹೆಂಡತಿಯನ್ನು "ಏ, ಕೇಳ್ತೇನು" ಎಂದು ಕರೆದವನು, ನಾಲ್ಕು ಜನರೆದುರು ಅವಳ ಹೆಸರು ಎತ್ತಿದವನಲ್ಲ.

"ರತ್ನಾಬಾಯಿ," ಎಂದ ಮೆಲ್ಲಗೆ.

"ಜೋರ್ ಸೇ," ಎಂದ ಅಮೀನ.

ನಾಗೇಂದ್ರಪ್ಪ ತಲೆಯೆತ್ತಿ, ಆಚೆ ಬೀದಿಗೂ ಕೇಳುವಂತೆ ಇನ್ನೊಮ್ಮೆ ಓದಿದ. ಪರದೆಯ ಹಿಂದೆ ಹತ್ತು ಜನ ಹೆಂಗಸರು ಸೇರಿ ನಮ್ಮತ್ತೆಯನ್ನು ಚಿವುಟಿ ಚಿವುಟಿ ಇಟ್ಟರಂತೆ.